ಕಾಕಾನ ಗಾಡಿ ಬಿಸಿಯಾಗುವವರೆಗೆ

ಇವತ್ತು ಬೆಳಿಗ್ಗೆ ಹಾಲಿನ ಟೆಂಪೋ ನಮ್ಮ ಗೇಟಿನ ಮುಂದೆ ನಿಂತಿತ್ತು. ಡ್ರೈವರ್ ಎಂಜಿನ್ ಬಂದ್ ಮಾಡದೆ ಎದುರಿನ ಅಂಗಡಿಗೆ ಹಾಲು ಇಳಿಸಲು ಹೋಗಿದ್ದ. ಚಳಿಗೆ ಅದರ ಹೊಗೆಯೂ ಮೇಲೇಳಲು ಬೇಸರಪಟ್ಟು, ಶಿವಬಸವ ನಗರದ ನಮ್ಮ ಪುಟ್ಟ ಅಂಗಳದಲ್ಲೇ ಹಾಸಿಕೊಂಡು ಮಲಗಿತ್ತು. ಖಾನಾಪುರದಲ್ಲಿ ನೆಂಟರ ಮನೆಯ ವಾಸ್ತುಶಾಂತಿಗೆ ಹೊರಟು, ಶಾಲು ಹೊದ್ದು ಕಟ್ಟೆಯ ಮೇಲೆ ಕಾಯುತ್ತಿದ್ದ ನಾನು ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು ಎಳೆದುಕೊಂಡೆ. ಬೇರೆ ಹೆಂಗಸರು ಮಲ್ಲಿಗೆಯ ವಾಸನೆಗೆ ಕಣ್ಣು ಮುಚ್ಚುತ್ತಾರಂತೆ. ನನಗೆ ಚಳಿಯೊಳಗಿನ ಡೀಸೆಲ್ ಹೊಗೆ ಸಾಕು.

ನಮ್ಮ ಮನೆಯವರು ಪೇಪರಿನ ಮೇಲಿಂದ ಒಂದು ಸಲ ನೋಡಿದರು.

"ಮಂದಿ ಮುಂಜಾನೆದ್ದು ಬಯಲಾಗ ನಿಂತು ಪ್ರಾಣಾಯಾಮ ಮಾಡ್ತಾರು. ನೀ ಸೈಲೆನ್ಸರ್ ಮುಂದ ನಿಂತು ಮಾಡಾಕತ್ತೀಯಲ್ಲ!"

ಅವರಿಗೆ ಏನೆಂದು ಹೇಳುವುದು? ನಿಮಗಾದರೆ ಹೇಳಬಹುದು. ನೀವು ಪೇಪರು ಓದುತ್ತಾ ಅರ್ಧ ಕಿವಿ ಕೊಡುವವರಲ್ಲ.

ಆ ವಾಸನೆ ನಮ್ಮ ಪಾರಿಸ ಕಾಕಾನದು. ಅಂದರೆ ಅವನ ಗಾಡಿಯದು. ಕಾಕಾ ನನ್ನ ಅಪ್ಪನ ತಮ್ಮ. ನಮ್ಮದು ಆಗ ಬೆಳಗಾವಿಯ ಟಿಳಕವಾಡಿಯಲ್ಲಿ ಕೂಡು ಮನೆ, ಅವನದು ಖಾನಾಪುರ ಪೇಟೆಯಲ್ಲಿ ಪಂಪು, ಪೈಪು, ಸಲಿಕೆ, ಗುದ್ದಲಿ ಮಾರುವ ಅಂಗಡಿ. ದಿನಾ ಬೆಳಿಗ್ಗೆ ಬಸದಿಗೆ ಹೋಗಿ ಬಂದು, ತಿಂಡಿ ಮುಗಿಸಿ, ಗಾಡಿ ಹತ್ತಿ ಖಾನಾಪುರಕ್ಕೆ ಹೋಗುವುದು. ಸಂಜೆ ಹೊತ್ತು ಮುಳುಗುವ ಮೊದಲು ಊಟವಾಗಬೇಕಾದ ಮನೆಯಾದ್ದರಿಂದ ಬೆಳಕಿರುವಾಗಲೇ ತಿರುಗಿ ಬರುವುದು. ಅಂಗಡಿಯಲ್ಲಿ ಅವನ ಮಾತು ಮರಾಠಿ, ಮನೆಯಲ್ಲಿ ಕನ್ನಡ. ಗಾಡಿಯ ಜೊತೆ ಮಾತ್ರ ಎರಡೂ. ರಮಿಸುವಾಗ ಕನ್ನಡ, ಬೈಯುವಾಗ ಮರಾಠಿ. ಅದು ಎರಡಕ್ಕೂ ಭೇದವೆಣಿಸದೆ ಒಂದೇ ಕೆಮ್ಮು ಕೆಮ್ಮುತ್ತಿತ್ತು.

ಅವಲಕ್ಕಿ ಬಣ್ಣದ ಹಳೆಯ ಡೀಸೆಲ್ ಕಾರು ಅದು. ಯಾರೋ ವಕೀಲರಿಂದ ಕೊಂಡದ್ದು. ವಕೀಲರ ಹತ್ತಿರ ಬೆಳೆದದ್ದಕ್ಕೋ ಏನೋ, ಹೊರಡು ಎಂದ ಕೂಡಲೇ ಹೊರಡದೆ ಮುಂದಿನ ತಾರೀಖು ಕೇಳುವ ಚಾಳಿ ಅದಕ್ಕೆ ಅಂಟಿತ್ತು. ಅದರಲ್ಲೂ ಬೆಳಗಾವಿಯ ಚಳಿಗಾಲ ನಿಮಗೆ ಗೊತ್ತಲ್ಲ. ಬೆಳಿಗ್ಗೆ ಮಂಜು ಎಷ್ಟೆಂದರೆ, ಎದುರು ಮನೆಯವರು ನಮಸ್ಕಾರ ಮಾಡಿದರೋ ಮೂಗು ಒರೆಸಿಕೊಂಡರೋ ತಿಳಿಯುವುದಿಲ್ಲ. ಅಂಥ ಚಳಿಯಲ್ಲಿ ಗಾಡಿಯನ್ನು ಬಿಸಿ ಮಾಡದೆ ಹೊರಡಿಸುವುದು ಕಾಕಾನ ಪ್ರಕಾರ ಪಂಚೇಂದ್ರಿಯ ಜೀವಕ್ಕೆ ಮಾಡುವ ಹಿಂಸೆ.

"ಎಂಜಿನ್ ಅಂದ್ರ ಮನಶ್ಯಾರಿದ್ದಂಗ," ಎನ್ನುತ್ತಿದ್ದ. "ನಿನ್ನ ಹಾಸಿಗ್ಯಾಗಿಂದ ಎಬ್ಬಿಸಿ, ಮಾರಿ ತೊಳ್ಯಾಕೂ ಬಿಡದ, ಓಡು ಖಾನಾಪುರಕ್ಕ ಅಂದ್ರ ಓಡ್ತೀಯೇನ?"

ನಾನು ಆಗ ಕಾಲೇಜು ಹುಡುಗಿ. ನನ್ನ ಕಾಲೇಜು ಖಾನಾಪುರದ ರಸ್ತೆಯ ಮೇಲೇ ಇದ್ದದ್ದರಿಂದ ಕಾಕಾನ ಹಿಂದಿನ ಸೀಟು ನನ್ನದಾಗಿತ್ತು. ನನ್ನದು ಎಂದರೆ, ಗಾಡಿ ಬಿಸಿಯಾದ ಮೇಲೆ ನನ್ನದು. ಅದಕ್ಕೂ ಮೊದಲು ಬಾಗಿಲಿಗೆ ಕೈ ಹಾಕಿದರೆ ಕಾಕಾ ಗದರುತ್ತಿದ್ದ.

"ಏ, ಈಗ ಹತ್ತಬ್ಯಾಡ. ಹಿಂದ ಭಾರ ಇದ್ರ ಎಂಜಿನ್ ಲಗೂ ಬಿಸಿ ಆಗೂದಿಲ್ಲ."

ಆಗ ನಾನು ಎಷ್ಟು ಸಣಕಲಿಯಾಗಿದ್ದೆನೆಂದರೆ ಗಾಳಿ ಬಂದರೆ ಅವ್ವ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. (ಈಗ ಕಾಕಾನ ಮಾತಿನಲ್ಲಿ ಸ್ವಲ್ಪ ಹುರುಳಿದ್ದೀತು; ಅದನ್ನು ನಮ್ಮ ಮನೆಯವರಿಗೆ ಹೇಳಬೇಡಿ.) ವಿಜ್ಞಾನದ ವಿದ್ಯಾರ್ಥಿನಿಯಾದ ನಾನು, ಹಿಂದಿನ ಸೀಟಿನ ಭಾರಕ್ಕೂ ಮುಂದಿನ ಎಂಜಿನ್ನಿನ ಬಿಸಿಗೂ ಏನು ಸಂಬಂಧ ಎಂದು ಪುಸ್ತಕವನ್ನು ಎದೆಗೊತ್ತಿಕೊಂಡು, ಹಲ್ಲು ಕಡಿಯುತ್ತಾ ನಿಂತು ಯೋಚಿಸುತ್ತಿದ್ದೆ. ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಗಾಡಿ ಬಿಸಿ ಮಾಡುವುದೆಂದರೆ ಸುಮ್ಮನೆ ಕೀಲಿ ತಿರುವುವುದಲ್ಲ. ಅದು ಹಿಂದಿನ ಸಂಜೆಯೇ ಶುರುವಾಗುತ್ತಿತ್ತು. ಗಾಡಿ ನಿಲ್ಲಿಸಿದ ಮೇಲೆ ಕಾಕಾ ಅದರ ಬಾನೆಟ್ಟಿನ ಮೇಲೆ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯೊಂದನ್ನು ಹೊದಿಸಿ, ಅಂಚನ್ನು ದೀಪಗಳ ಕೆಳಗೆ ಸಿಕ್ಕಿಸುತ್ತಿದ್ದ. ಆ ಕೌದಿ ನನ್ನ ಅಜ್ಜಿಯ ಕೈಯದು. ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ಪಡಸಾಲೆಯಿಂದಲೇ ಕೂಗುತ್ತಿದ್ದಳು:

"ಮನಿ ಮಂದಿಗೆ ಕೌದಿ ಸಾಲವಲ್ದು, ಇವಂದು ಗಾಡಿಗೊಂದು ಕೌದಿ! ನಾಳೆ ಅದಕ್ಕ ಕಿವಿಗೊಂದು ಮಫ್ಲರನೂ ಕಟ್ಟು!"

ಬೆಳಿಗ್ಗೆ ಕೌದಿ ತೆಗೆದು, ಮಡಚಿ, ಮಗುವಿನ ಹಣೆ ಮುಟ್ಟುವ ಹಾಗೆ ಬಾನೆಟ್ಟನ್ನು ಅಂಗೈಯಿಂದ ಮುಟ್ಟಿ ನೋಡುವುದು. ಕೀಲಿ ಅರ್ಧ ತಿರುವಿ, ಎಂಜಿನ್ನಿನೊಳಗಿನ ಕಾಯಿಲ್ ತಂತಿ ಕಾದು ಬಿಸಿಯಾಗುವ ತನಕ ಸುಮ್ಮನೆ ಕೂರುವುದು. ಪೂರ್ತಿ ತಿರುವುವುದು. ಕೆಮ್ಮು. ಮತ್ತೆ ತಿರುವುವುದು. ಮರಾಠಿ. ಮತ್ತೊಮ್ಮೆ. ಆಮೇಲೆ ಇಡೀ ಓಣಿಗೆ ಕೇಳುವಂತೆ ಢಗ್ ಢಗ್ ಢಗ್ ಎಂದು ಗಾಡಿ ಎದ್ದು ಕೂತಾಗ, ಬಿಳೀ ಹೊಗೆಯಲ್ಲಿ ನಮ್ಮ ತುಳಸಿಕಟ್ಟೆಯೇ ಮಾಯವಾಗುತ್ತಿತ್ತು. ಈಗ ಮುಖ್ಯ ಸಂಗತಿ: ಆಕ್ಸಲರೇಟರಿನ ಮೇಲಿನ ಕಾಲನ್ನು ತೆಗೆಯುವ ಹಾಗಿಲ್ಲ. ತೆಗೆದರೆ ಗಾಡಿ ಬಂದ್. ಮತ್ತೆ ಮೊದಲಿನಿಂದ.

ಕಾಲು ತೆಗೆಯುವ ಹಾಗಿಲ್ಲವೆಂದ ಮೇಲೆ ಕಾಕಾ ಒಳಗೆ ಬಂದು ಚಹಾ ಕುಡಿಯುವ ಹಾಗೂ ಇಲ್ಲ. ಆದ್ದರಿಂದ ಕಮಲಾ ಕಾಕು, ಅಂದರೆ ಕಾಕಾನ ಹೆಂಡತಿ, ಚಹಾವನ್ನು ಗಾಡಿಗೇ ಒಯ್ಯಬೇಕು. ಖಾಲಿ ಕಪ್ಪು, ನೀವು ಸಾಸರು ಎನ್ನುವ ಬಶಿ, ಎರಡನ್ನೂ ವಾಪಸು ತರಬೇಕಲ್ಲ, ಅದಕ್ಕೆ ಕಾಯಬೇಕು. ಚಳಿಯಲ್ಲಿ ಹೊರಗೆ ನಿಂತು ಕಾಯುವುದು ಹೇಗೆ? ಆದ್ದರಿಂದ ಎಡಗಡೆಯ ಸೀಟಿನಲ್ಲಿ ಕೂತು ಕಾಯಬೇಕು. ಥಂಡಿ ಗಾಳಿ ಒಳಗೆ ಬರಬಾರದೆಂದು ಗಾಜು ಏರಿಸಬೇಕು. ನೋಡಿ, ಎಲ್ಲವೂ ಒಂದಕ್ಕೊಂದು ಎಷ್ಟು ಸರಿಯಾಗಿ ಕೂಡಿಕೊಂಡು ಬಂದಿತ್ತು! ಎಂಜಿನ್ನಿನಲ್ಲಿ ಒಂದು ದೋಷವಿತ್ತು, ಅದರಿಂದ ಒಂದು ಸಂಸಾರ ನಡೆಯುತ್ತಿತ್ತು.

ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದರೆ ನೀವು ಆ ಮನೆಯನ್ನು ನೋಡಿಲ್ಲ. ಖಾನಾಪುರದಿಂದ ತಂದ ಹೆಂಚು ಹೊದಿಸಿದ ಉದ್ದನೆಯ ಮನೆ. ಕೋಣೆಗಳ ನಡುವಿನ ಗೋಡೆಗಳು ಆಳೆತ್ತರಕ್ಕೆ ಬಂದು, ಇನ್ನು ಸಾಕು ಎಂದು ನಿಂತುಬಿಟ್ಟಿದ್ದವು. ಅದರ ಮೇಲೆ ಹೆಂಚಿನವರೆಗೆ ಬರೀ ಗಾಳಿ. ಒಂದು ಕೋಣೆಯಲ್ಲಿ ಆಕಳಿಸಿದರೆ ಕೊನೆಯ ಕೋಣೆಯವರಿಗೆ ನಿದ್ದೆ ಬರುತ್ತಿತ್ತು. ಒಮ್ಮೆ ಕಾಕು ತನ್ನ ಕೋಣೆಯಲ್ಲಿ ಕಾಕಾನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಾಳೆ ಏನು ಪಲ್ಯಾ ಮಾಡ್ಲಿ?" ಎಂದಳಂತೆ. ಕಾಕಾ ಬಾಯಿ ತೆರೆಯುವ ಮೊದಲೇ ಪಡಸಾಲೆಯಿಂದ ಆಯಿಯ ಉತ್ತರ ಬಂತು: "ಹೀರೀಕಾಯಿ ಮಾಡ. ಎಳೀವು ಅದಾವು."

ಅಂಥ ಮನೆಯಲ್ಲಿ ಗಂಡ ಹೆಂಡತಿ ತಮ್ಮದೇ ಒಂದು ಮಾತು ಆಡುವುದು ಎಲ್ಲಿ? ಇಬ್ಬರೇ ತಿರುಗಾಡಲು ಹೋಗುತ್ತೇವೆಂದರೆ ಆಯಿ ಕೇಳುತ್ತಿದ್ದಳು: "ಯಾಕ, ಮನ್ಯಾಗ ಜಾಗಾ ಸಾಲವಲ್ದೇನು?" ಬಸದಿಗೆ ಹೊರಟರೆ ಆಯಿಯೂ ಹೊರಡುತ್ತಿದ್ದಳು. ಸಂಜೆಯ ಊಟಕ್ಕೆ ಎಲ್ಲರೂ ಒಂದೇ ಸಾಲು, ಹೊರಗೆ ಬೆಳಕು ಜಾರುತ್ತಿರುವಾಗ ಮಾತಿಗೆಲ್ಲಿ ಪುರುಸೊತ್ತು? ಉಳಿದದ್ದು ಎಂಜಿನ್ ಬಿಸಿಯಾಗುವ ಆ ಹೊತ್ತು. ಗಾಡಿಯ ಸದ್ದೇ ಅವರ ಗೋಡೆ, ಆ ಗೋಡೆ ಹೆಂಚಿನವರೆಗೂ ಮುಟ್ಟುತ್ತಿತ್ತು. ಕಾಕು ನಗುವಾಗ ಎಡಗೆನ್ನೆಯಲ್ಲಿ ಕುಳಿ ಬೀಳುತ್ತದೆಂದು ನಾನು ಮೊದಲು ಕಂಡದ್ದು ಹೊರಗೆ ನಡುಗುತ್ತಾ ನಿಂತು, ಮಸುಕಾದ ಗಾಜಿನ ಮೂಲಕ. ಮನೆಯೊಳಗೆ ಆಕೆ ತುಟಿಯಲ್ಲೇ ನಗುತ್ತಿದ್ದಳು. ಕೆನ್ನೆಯವರೆಗೆ ಬರಲು ಬಿಡುತ್ತಿರಲಿಲ್ಲ.

ನೀವು ಕೇಳಬಹುದು, ಚಳಿಗಾಲ ಮುಗಿದ ಮೇಲೆ? ಕಾಕಾನ ಚಳಿಗಾಲ ಮುಗಿಯುತ್ತಿರಲಿಲ್ಲ. ಮಳೆಗಾಲದಲ್ಲಿ, "ಈ ಹಸಿ ಥಂಡಿ ಭಾಳ ಕೆಟ್ಟದ್ದು" ಎನ್ನುತ್ತಿದ್ದ. ಬೇಸಿಗೆಯಲ್ಲಿ, "ರಾತ್ರಿ ಪೂರಾ ಎಣ್ಣಿ ಕೆಳಗ ಇಳದಿರ್ತೈತಿ, ಮ್ಯಾಲ ಏರಬೇಕಲ್ಲ" ಎನ್ನುತ್ತಿದ್ದ. ಹೊರಟ ಮೇಲೂ ದಾರಿಯ ನಡುವಿನ ದೇಸೂರು ದಾಟುವ ತನಕ ನಾಲ್ಕನೇ ಗೇರಿಗೆ ಹೋಗುತ್ತಿರಲಿಲ್ಲ. ಮೂರನೇ ಗೇಟಿನಲ್ಲಿ ರೈಲಿಗಾಗಿ ಗೇಟು ಬಿದ್ದಿದ್ದರೆ ಉಳಿದವರು ಶಾಪ ಹಾಕುತ್ತಿದ್ದರು. ಕಾಕಾ ಮಾತ್ರ, "ಚೊಲೋ ಆತು, ಇನ್ನೂ ಒಂಚೂರು ಬಿಸಿ ಆಗ್ಲಿ" ಎಂದು ಸೀಟಿಗೊರಗುತ್ತಿದ್ದ.

ಹೀಗೆ ಎಲ್ಲವೂ ನೆಟ್ಟಗೆ ನಡೆಯುತ್ತಿರುವಾಗ ಹುಬ್ಬಳ್ಳಿಯಿಂದ ಭರಮಪ್ಪ ಮಾವ ಬಂದರು.

ಮಾವ ನಮ್ಮ ಅತ್ತೆಯ ಗಂಡ, ಆಯಿಗೆ ಅಳಿಯ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಬಂದ ಮನೆಯಲ್ಲಿ ಏನಾದರೊಂದನ್ನು ದುರಸ್ತಿ ಮಾಡದೆ ಹೋದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಹಿಂದಿನ ಸಲ ಬಂದಾಗ ಆಯಿಯ ಗಡಿಯಾರ ರಿಪೇರಿ ಮಾಡಿದ್ದರು. ಅಂದಿನಿಂದ ಅದು ಸರಿಯಾದ ಸಮಯ ತೋರಿಸಿ ಎಲ್ಲರಿಗೂ ತೊಂದರೆ ಕೊಡುತ್ತಿತ್ತು. ಈ ಸಲ ಬಂದ ಮರುದಿನವೇ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಕಾಕಾನ ಪೂಜಾವಿಧಿಯನ್ನೆಲ್ಲ ನೋಡಿದರು. ನೋಡಿ, ತಲೆ ಅಲ್ಲಾಡಿಸಿದರು.

"ಪಾರಿಸಾ, ಇಷ್ಟೊತ್ತು ಸುಮ್ಮಕ ಹೊಗಿ ಬಿಡೂದ್ರಿಂದ ಎಂಜಿನ್ ಉದ್ಧಾರ ಆಗೂದಿಲ್ಲ, ಹಾಳಾಗತೈತಿ. ಬಿಸಿ ಆಗೂದು ಓಡಿದ್ರ. ಇದರ ಕಾಯಿಲ್ ಹೋಗ್ಯಾವು, ಐಡ್ಲಿಂಗ್ ತಪ್ಪೇತಿ, ಅದಕ್ಕ ಕಾಲು ತಗದ್ರ ಬಂದ್ ಬೀಳತೈತಿ. ಒಂದು ದಿನ ನನ್ನ ಕೈಯಾಗ ಕೊಡು."

"ಬ್ಯಾಡ್ರಿ ಮಾಮಾ, ನಿಮಗ್ಯಾಕ ತ್ರಾಸು," ಎಂದ ಕಾಕಾ. ಅವನ ದನಿಯಲ್ಲಿ ಖರೇ ಸಂಕಟವಿತ್ತು. ಮಾವ ಅದನ್ನು ಸಂಕೋಚವೆಂದು ತಿಳಿದರು.

ಆ ಭಾನುವಾರ ಅಂಗಳದಲ್ಲಿ ಗೋಣಿ ಹಾಸಿ, ಬಾನೆಟ್ಟು ಎತ್ತಿ, ಮಾವ ಗಾಡಿಯನ್ನು ಸಂಜೆಯೊಳಗೆ ಸರಿಪಡಿಸಿಬಿಟ್ಟರು. ಸೋಮವಾರ ಬೆಳಿಗ್ಗೆ ಇಡೀ ಮನೆಯನ್ನು ಅಂಗಳಕ್ಕೆ ಕರೆದು, ಕೀಲಿ ತಿರುವಿದರು. ಒಂದೇ ಸಲಕ್ಕೆ ಗಾಡಿ ಎದ್ದಿತು. ಕೆಮ್ಮಿಲ್ಲ, ಮರಾಠಿಯಿಲ್ಲ. ಮಾವ ಎರಡೂ ಕಾಲುಗಳನ್ನು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೋರಿಸಿದರು. ಗಾಡಿ ನಿಲ್ಲಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಇನ್ನು ಹೊರಗೆ ನಿಂತು ನಡುಗುವುದು ತಪ್ಪಿತಲ್ಲ ಎಂದು. ಆಯಿ ಕೌದಿಯನ್ನು ಝಾಡಿಸಿ ಒಳಗೆ ಒಯ್ದಳು. ಕಾಕು ಒಬ್ಬಳೇ ಬಾಗಿಲ ಹತ್ತಿರ, ಕೈಯಲ್ಲಿ ಕಪ್ಪು ಬಶಿ ಹಿಡಿದು ನಿಂತಿದ್ದಳು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

ಅಂದಿನಿಂದ ಕಾಕಾ ಒಳಗೇ, ಎಲ್ಲರ ನಡುವೆ, ನಿಂತಲ್ಲೇ ಚಹಾ ಕುಡಿದು ಹೊರಟುಬಿಡುವಂತಾಯಿತು. ಸಾಲದ್ದಕ್ಕೆ ಮಾವ ತಮ್ಮ ದುರಸ್ತಿಯ ಗುಣ ಪರೀಕ್ಷಿಸಲು ದಿನಾ ಹಿಂದಿನ ಸೀಟಿನಲ್ಲಿ ನನ್ನ ಬಾಜೂಕೇ ಕೂತು ಖಾನಾಪುರದವರೆಗೂ ಹೋಗಿ ಬರತೊಡಗಿದರು. ಕಾಕು ಬುತ್ತಿಯನ್ನು ಕಿಟಕಿಯಲ್ಲಿ ಕೊಟ್ಟು, ಏನೋ ಹೇಳಲು ಬಾಯಿ ತೆರೆದು, ಹಿಂದೆ ಕೂತ ಮಾವನ ಮುಖ ನೋಡಿ, "ಮಜ್ಜಿಗಿ ಚೆಲ್ಲೀತು, ಹುಷಾರ" ಎಂದಷ್ಟೇ ಹೇಳಿ ತಿರುಗುವಳು. ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಕಾಕಾ ಬುತ್ತಿ ಉಣ್ಣುವುದನ್ನೇ ಮರೆತು ಹಾಗೇ ತಿರುಗಿ ತರತೊಡಗಿದ. ಗಾಡಿ ಮಾತ್ರ ಬಹಳ ಚೆನ್ನಾಗಿ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ಕಾಕು ನನ್ನ ಹತ್ತಿರ ಸರಿದಳು.

"ನಿಮ್ಮ ಕಾಕಾಗ ಒಂದು ಮಾತು ಹೇಳೂದೈತವ್ವಾ. ಮೊದಲ ಅವರ ಕಿವಿಗೇ ಬೀಳಬೇಕು."

"ಹಂಗಾದ್ರ ಹೇಳ್ರಲ್ಲ ಕಾಕು."

"ಎಲ್ಲಿ ಹೇಳ್ಲಿ? ಒಳಗ ಹೇಳಿದ್ರ ಅವರಿಗಿಂತ ಮೊದಲ ಹೆಂಚಿಗೆ ಕೇಳ್ತೈತಿ. ಆಮ್ಯಾಲೆ ಮನಿಗೆ, ಆಮ್ಯಾಲೆ ಟಿಳಕವಾಡಿಗೆ. ಅವರ ಪಾಳಿ ಕಡೀಕ ಬರತೈತಿ."

ಹೇಳುತ್ತಿರುವಾಗ ಆಕೆಯ ಒದ್ದೆ ಕೈ ತಾನೇ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು. ನಾನು ಆ ಕೈ ನೋಡಿದೆ. ಆಕೆ ನಾನು ನೋಡಿದ್ದನ್ನು ನೋಡಿದಳು. ಆಕೆಯ ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಯಾರಾದರೂ ಕೂಸನ್ನು ಎತ್ತಿಕೊಂಡು ಬಂದರೆ ಎಲ್ಲರೂ ಒಮ್ಮೆ ಕಾಕುವಿನ ಕಡೆ ನೋಡಿ, ಆಮೇಲೆ ಕೂಸಿನ ಕಡೆ ನೋಡುತ್ತಿದ್ದರು.

"ನಾ ನಿನಗೇನೂ ಹೇಳಿಲ್ಲ ಮತ್ತ," ಎಂದಳು ಗಾಬರಿಯಾಗಿ.

"ನನಗೇನೂ ಗೊತ್ತಿಲ್ರಿ ಕಾಕು," ಎಂದೆ. "ನೀವು ಬಟ್ಟಿ ಹಿಂಡಾಕತ್ತಿದ್ರಿ, ನಾ ನೋಡಾಕತ್ತಿದ್ನಿ, ಅಷ್ಟ."

ಆಕೆಯ ಕಣ್ಣು ತುಂಬಿತು. ಅಷ್ಟು ದೊಡ್ಡ ಮನೆ, ಅಷ್ಟೊಂದು ಮಂದಿ, ಒಬ್ಬನಿಗೆ ಒಂದು ಮಾತು ಮೊದಲು ಹೇಳಬೇಕೆಂಬ ಇಷ್ಟೇ ಇಷ್ಟು ಆಸೆ. ನನ್ನ ಕೈಲಾದ ಉಪಾಯವೆಂದರೆ ಮರುದಿನ ಕಾಕಾನಿಗೆ, "ಕಾಕಾ, ಗಾಡಿ ಯಾಕೋ ಮೊದಲಿನಂಗ ಓಡವಲ್ದು ನೋಡು" ಎಂದದ್ದು. ಕಾಕಾನಿಗೆ ಅರ್ಥವಾಗಲಿಲ್ಲ. ಮಾವನಿಗೆ ಬೇರೆಯೇ ಅರ್ಥವಾಗಿ, ಮೂರನೇ ಗೇಟಿನಿಂದ ಕಾಲೇಜು ಬರುವ ತನಕ ನನಗೆ ಪಿಸ್ಟನ್ನಿನ ಪಾಠ ಮಾಡಿದರು. ನನ್ನ ಉಪಾಯಗಳೆಲ್ಲ ಸಾಧಾರಣವಾಗಿ ಹೀಗೇ.

ಅದಾದ ಒಂದೆರಡು ದಿನಕ್ಕೆ ಭಾರೀ ಮಂಜು ಬಿದ್ದ ಬೆಳಗೊಂದು ಬಂತು. ಕಾಕಾ ಸ್ಟೇರಿಂಗಿಗೆ ಕೂತಿದ್ದ, ಮಾವ ಹಿಂದೆ ಕೂತಿದ್ದರು, ನಾನು ಹತ್ತಲು ಬಾಗಿಲು ತೆರೆದಿದ್ದೆ. ಆಗ ಒಳಗಿನಿಂದ ಆಯಿ ಬಂದಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಆ ಹಳೇ ಕೌದಿ. ನೆಟ್ಟಗೆ ಗಾಡಿಯ ಮುಂದೆ ಹೋಗಿ ನಿಂತು, ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಕಾಕಾನ ಹಾಗೆಯೇ, ಹಣೆ ಮುಟ್ಟುವಂತೆ.

"ಪಾರಿಸಾ, ಎಷ್ಟು ಥಣ್ಣಗೈತೋ ಇದು! ಬಿಸಿ ಮಾಡದ ಹೊಂಟೀಯೇನು?"

ಕಾಕಾ ಬಾಯಿ ತೆರೆದುಕೊಂಡು ನೋಡಿದ. ಆ ಕೌದಿಯನ್ನೂ ಹೊಗೆಯನ್ನೂ ದಿನಾ ಬೈದವಳು ಈಕೆಯೇ.

"ಅತ್ತೀ, ಈಗ ಅದರ ಗರಜ ಇಲ್ರಿ," ಎಂದು ಮಾವ ಹಿಂದಿನಿಂದ ವಿವರಿಸಲು ಹೊರಟರು. "ನಾ ಕಾಯಿಲ್ ಹೊಸಾವು ಹಾಕೇನಿ..."

"ಅಳಿಯದೇವರ, ನೀವು ಒಂಚೂರು ಕೆಳಗ ಇಳೀರಿ. ಹಿಂದ ಭಾರ ಇದ್ರ ಎಂಜಿನ್ ಲಗೂ ಬಿಸಿ ಆಗೂದಿಲ್ಲಂತ."

"ಇದು ಯಾವ ಶಾಸ್ತ್ರದಾಗ ಐತ್ರಿ?"

"ನಮ್ಮ ಮನಿ ಶಾಸ್ತ್ರದಾಗ. ಇಳೀರಿ." ಆಮೇಲೆ ಮನೆಯ ಕಡೆ ತಿರುಗಿ ಕೂಗಿದಳು: "ಕಮಲಾ! ಪಾರಿಸಗ ಚಾ ಇಲ್ಲೇ ತಗೊಂಬಾ, ಗಾಡ್ಯಾಗ. ಬಶಿ ಮರೀಬ್ಯಾಡ."

ಮಾವ ಇಳಿದರು. ಅತ್ತೆಯ ಮನೆಯಲ್ಲಿ ಅಳಿಯನಿಗೆ ಎಷ್ಟೇ ಮರ್ಯಾದೆಯಿದ್ದರೂ ಆಯಿ ಇಳಿ ಎಂದರೆ ಇಳಿಯಲೇಬೇಕು. ಕಾಕು ಚಹಾ ತಂದಳು. ಎಡಗಡೆಯ ಬಾಗಿಲು ಮುಚ್ಚಿತು. ಗಾಜು ಏರಿತು. ಆಯಿ ಕಟ್ಟೆಯ ಮೇಲೆ ಕೌದಿ ಹಾಸಿ, ಒಂದು ಬದಿಗೆ ನನ್ನನ್ನೂ ಇನ್ನೊಂದು ಬದಿಗೆ ಮಾವನನ್ನೂ ಕೂರಿಸಿಕೊಂಡಳು.

"ಕುಂದರ್ರಿ. ಹುಬ್ಬಳ್ಳ್ಯಾಗ ಥಂಡಿ ಹೆಂಗೈತಿ, ಹೇಳ್ರಿ."

ಮಾವ ಹುಬ್ಬಳ್ಳಿಯ ಥಂಡಿಯ ಬಗ್ಗೆ ಹೇಳತೊಡಗಿದರು. ಎಂಜಿನ್ ಒಂದೇ ಸಲಕ್ಕೆ ಎದ್ದು, ಒಂದೇ ಸಮನೆ ಮಿಡಿಯುತ್ತಿತ್ತು. ಗಾಜು ಒಳಗಿನಿಂದ ಮಸುಕಾಗುತ್ತಾ ಬಂತು. ಮೊದಲು ಮುಖಗಳು ಕಾಣುತ್ತಿದ್ದವು, ಆಮೇಲೆ ಬರೀ ಬಣ್ಣಗಳು, ಕಾಕುವಿನ ಹಸಿರು ಸೀರೆ, ಕಾಕಾನ ಮಫ್ಲರು. ಆಯಿ ಮಾವನ ಮಾತಿಗೆ ಹೂಂ ಹೂಂ ಎನ್ನುತ್ತಿದ್ದಳು, ಕಣ್ಣು ಮಾತ್ರ ಗಾಡಿಯ ಮೇಲೆ.

ಇದ್ದಕ್ಕಿದ್ದಂತೆ ಗಾಡಿ ಗರ್ಜಿಸಿತು.

ಅಂಥ ಸದ್ದನ್ನು ಅದು ವಕೀಲರ ಕಾಲದಲ್ಲೂ ಮಾಡಿರಲಿಕ್ಕಿಲ್ಲ. ಆಕ್ಸಲರೇಟರನ್ನು ಯಾರೋ ಪೂರ್ತಿ ನೆಲಕ್ಕೆ ಒತ್ತಿಬಿಟ್ಟಿದ್ದರು. ತೆಂಗಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಎದುರು ಮನೆಯ ಕಿಟಕಿ ತೆರೆಯಿತು. ಹೊಗೆ ಬಂದು ಕಟ್ಟೆಯನ್ನೂ ನಮ್ಮನ್ನೂ ನುಂಗಿತು. ಆ ಹೊಗೆಯೊಳಗಿನಿಂದ ಆಯಿಯ ದನಿ, ಕೆಮ್ಮುತ್ತಾ, ಸಮಾಧಾನವಾಗಿ ಬಂತು:

"ಹೇಳಿದ್ಲು."

"ಏನು ಹೇಳಿದ್ರು? ಕೇಬಲ್ ಸಿಕ್ಕೊಂಡೇತ್ರೀ!" ಎಂದು ಮಾವ ಗಾಡಿಯ ಕಡೆ ಓಡಲು ಎದ್ದರು. ಆಯಿ ಅವರ ಅಂಗಿಯ ಚುಂಗು ಹಿಡಿದು ಕೂರಿಸಿದಳು.

"ಕುಂದರ್ರಿ ಗಪ್. ಆ ಕ್ಯಾಬಲ್ಲು ನಿಮ್ಮ ಕೈಲೆ ದುರಸ್ತ ಆಗೂದಲ್ಲ."

ನಾನು ಆಯಿಯ ಕಿವಿಯ ಹತ್ತಿರ ಬಾಗಿದೆ. "ಆಯಿ, ನಿನಗ ಮೊದಲ ಗೊತ್ತಿತ್ತು?"

"ದಿನಾ ಮುಂಜಾನೆ ಹಿತ್ತಲದಾಗ ವಾಕರಿಸ್ತಾಳ, ನಾ ಏನು ಕಿವುಡಿ?"

"ಮತ್ತ ಯಾಕ ಸುಮ್ಮನಿದ್ದಿ?"

"ನಾ ಬಾಯಿ ಬಿಟ್ರ ಆಕೀ ಮಾತು ಹಳೇದಾಗ್ತಿತ್ತಲ್ಲ." ಕೌದಿಯ ಒಂದು ಹರಿದ ತುಂಡನ್ನು ಬೆರಳಿನಿಂದ ಸರಿ ಮಾಡುತ್ತಾ ಅಂದಳು: "ಈ ಗಾಡಿ ಸುಳ್ಳ ಬಿಸಿ ಆಗೂದು ನನಗ ಮೊದಲಿಂದ ಗೊತ್ತೈತಿ. ನಿಮ್ಮ ಅಜ್ಜಗ ಚಕ್ಕಡಿ ಇತ್ತು. ಎತ್ತು ಬಿಸಿ ಮಾಡ್ತೇನಿ ಅಂತ ಹೆಂಗ ಹೇಳೂದು?"

ಆಮೇಲೆ ಕಾಕಾ ಗಾಡಿಯಿಂದ ಇಳಿದು ಬಂದ. ಮೀಸೆಗೆ ಚಹಾ ಹತ್ತಿತ್ತು. ಆಯಿಯ ಮುಂದೆ ನಿಂತು, ಮೀಸೆ ಒರೆಸಿಕೊಳ್ಳುತ್ತಾ ಸುದ್ದಿ ಹೇಳಿದ. ಆಯಿ ಎರಡೂ ಕೈ ಎತ್ತಿ, "ಏ! ಹೌದೇನೋ! ಜಿನೇಶ್ವರಾ! ನನಗ ಗೊತ್ತ ಇರಲಿಲ್ಲ ನೋಡು!" ಎಂದು ಅಂಗಳವೆಲ್ಲ ತುಂಬುವಂತೆ ಆಶ್ಚರ್ಯಪಟ್ಟಳು. ಅಷ್ಟು ಕೆಟ್ಟದಾಗಿ ನಟಿಸಿದ್ದನ್ನು ನಾನು ಎಲ್ಲೂ ನೋಡಿಲ್ಲ. ಕಾಕಾ ಮಾತ್ರ ಪೂರ್ತಿ ನಂಬಿದ.

ಅಂದು ಮಾವನನ್ನು ಮನೆಯಲ್ಲೇ ಬಿಟ್ಟು, ಕಾಕಾ ಟಿಳಕವಾಡಿಯಲ್ಲೇ ನಾಲ್ಕನೇ ಗೇರಿಗೆ ಹಾಕಿದ. ನನ್ನ ಕಾಲೇಜು ಬಂತು, ಹೋಯಿತು. ನಾನು, "ಕಾಕಾ, ಕಾಕಾ" ಎಂದದ್ದು ಅವನಿಗೆ ಕೇಳಿಸಿದ್ದು ದೇಸೂರಿನಲ್ಲಿ. ಕನ್ನಡಿಯಲ್ಲಿ ನನ್ನನ್ನು ನೋಡಿ ಬೆಚ್ಚಿಬಿದ್ದ. "ಏ, ನೀ ಯಾವಾಗ ಹತ್ತಿದಿ?" ದೇಸೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾದು ಕೂತು, ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ನಾನು ಕಾಲೇಜು ಮುಟ್ಟಿದೆ.

ಮಾವ ಹುಬ್ಬಳ್ಳಿಗೆ ಹೋದ ಮೇಲೆ ಆಯಿ ತಾನೇ ಕೌದಿ ತಂದು ಬಾನೆಟ್ಟಿನ ಮೇಲೆ ಹೊದಿಸಿದಳು. ಗಾಡಿ ಒಂದೇ ಸಲಕ್ಕೆ ಎದ್ದರೂ, ಕಾಲು ತೆಗೆದರೂ ನಿಲ್ಲದಿದ್ದರೂ, ದಿನಾ ಬೆಳಿಗ್ಗೆ ಬಿಸಿಯಾಗಲೇಬೇಕೆಂಬುದು ಅಂದಿನಿಂದ ಆಯಿಯ ಕಟ್ಟಪ್ಪಣೆ. ನಾನು ಮತ್ತೆ ಹೊರಗೆ ನಿಂತು ನಡುಗತೊಡಗಿದೆ. ಹೊಗೆಯನ್ನು ಬೈಯುವುದನ್ನು ಆಯಿ ಬಿಡಲಿಲ್ಲ. ಬೈಯದಿದ್ದರೆ ಸಂಶಯ ಬರುತ್ತಿತ್ತಲ್ಲ.

ಇತ್ತ ಹಾಲಿನ ಟೆಂಪೋ ಹೋಯಿತು. ಹೊಗೆ ಕರಗುವ ಹೊತ್ತಿಗೆ, ನನ್ನನ್ನು ಖಾನಾಪುರಕ್ಕೆ ಕರೆದೊಯ್ಯಲು ಸನ್ಮತಿಯ ಹೊಸ ಕಾರು ಬಂದು ನಮ್ಮ ಗೇಟಿನಲ್ಲಿ ನಿಂತಿತು. ಬಂದದ್ದೇ ತಿಳಿಯಲಿಲ್ಲ. ಅಂದು ಕಾಕುವಿನ ಹೊಟ್ಟೆಯಲ್ಲಿದ್ದು ಗಾಡಿಯನ್ನು ಗರ್ಜಿಸುವಂತೆ ಮಾಡಿದವಳು ಈ ಸನ್ಮತಿಯೇ. ಆಕೆಯ ಕಾರಿಗೆ ಸದ್ದೇ ಇಲ್ಲ. ಹಿಂದಿನ ಸೀಟಿನಲ್ಲಿ ಕಾಕಾ, ಕಾಕು. ಇಬ್ಬರಿಗೂ ಮೊಣಕಾಲು ನೋವು, ಇಳಿದು ಹತ್ತುವುದು ಬೇಡವೆಂದು ಅಲ್ಲೇ ಉಳಿದರು. ಸನ್ಮತಿ ಒಂದು ಗುಟುಕು ಚಹಾಕ್ಕೆಂದು ಒಳಗೆ ಬಂದಳು.

"ಗಾಡಿ ಚಾಲೂನ ಬಿಟ್ಟೀಯೇನ?" ಎಂದೆ.

"ಹೂಂ ಅಕ್ಕಾ, ಅಪ್ಪಾಗ ಥಂಡಿ ಆಗ್ತೈತಿ ಅಂತ. ಇದನ್ನ ನಿಮ್ಮ ಕಾಲದಂಗ ಬಿಸಿ ಮಾಡೂದು ಬ್ಯಾಡ. ಗುಂಡಿ ಒತ್ತೂದು, ಹೋಗೂದು."

ಆಕೆ ಕಪ್ಪು ಕೈಗೆತ್ತಿಕೊಂಡಿದ್ದಳಷ್ಟೆ, ಕಾರಿನ ಅರ್ಧ ಇಳಿದ ಗಾಜಿನಿಂದ ಕಾಕುವಿನ ದನಿ ಇಡೀ ಓಣಿಗೆ ಕೇಳಿತು:

"ನಿನ್ನಿ ಸನ್ಮತಿ ಮಾಡಿದ ಹೋಳಿಗಿ ಚೊಲೋ ಇರಲಿಲ್ರೀ! ಸುಮ್ಮಕ ಯಾಕ ಹೊಗಳಿದ್ರಿ?"

ಕಾಕಾನ ಕಿವಿ ಈಗ ಪೂರ್ತಿ ಮಂದ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ಎಂಜಿನ್ ದುರಸ್ತಿಯಾಗಿ ಪಟ್ಟ ಪಾಡು ಸಾಕು, ಇನ್ನು ನನಗೂ ಯಾಕೆ ಎಂದು ಪೆಟ್ಟಿಗೆಯಲ್ಲೇ ಇಟ್ಟಿದ್ದಾನೆ. ಅಂದು ಗೋಡೆ ಗಿಡ್ಡವಿತ್ತು. ಈಗ ಸನ್ಮತಿಯ ಮನೆಯಲ್ಲಿ ಸ್ಲ್ಯಾಬಿನವರೆಗೆ ಗೋಡೆಗಳಿವೆ, ಅವರದೇ ಬೇರೆ ಕೋಣೆಯಿದೆ, ಆದರೆ ಕಾಕಾನಿಗೆ ಕೇಳುವಂತೆ ಹೇಳಿದ ಮಾತು ಮೂರು ಮನೆಗೆ ಕೇಳುತ್ತದೆ. ನಮ್ಮ ಮನೆಯವರು ಪೇಪರಿನ ಹಿಂದೆ ನಗುತ್ತಿದ್ದರು. ಸನ್ಮತಿ, "ಕೇಳಿದ್ಯೇನ ಅಕ್ಕಾ? ನಾಕು ತಿಂದಾಳ ಆಕೀ!" ಎಂದಳು. ಎದುರು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯಾಕೆ ಕೈಯಲ್ಲಿ ಸೀರೆ ಹಿಡಿದು ಹಾಗೇ ನಿಂತಿದ್ದಳು.

ಕಾಕು ಅದನ್ನು ಕಂಡಳು. ಇನ್ನೇನನ್ನೋ ಹೇಳಲು ಕಾಕಾನ ಕಡೆ ಬಾಗಿದ್ದವಳು ಹಿಂದಕ್ಕೆ ಸರಿದು, ಬಾಯಿ ಮುಚ್ಚಿ, ಸೆರಗು ಸರಿ ಮಾಡಿಕೊಂಡಳು. ಕಾಕಾ ಇನ್ನೂ ಕಿವಿ ಅವಳ ಕಡೆಗೇ ಚಾಚಿಕೊಂಡು ಕೂತಿದ್ದ. ಆ ಸೆರಗು ಸರಿ ಮಾಡಿಕೊಂಡದ್ದನ್ನು ನಾನು ಬಲ್ಲೆ. "ಮಜ್ಜಿಗಿ ಚೆಲ್ಲೀತು" ಎಂದು ಕಿಟಕಿಯಿಂದ ತಿರುಗುತ್ತಿದ್ದಾಗ ಆಕೆ ಮಾಡುತ್ತಿದ್ದದ್ದೂ ಇದನ್ನೇ.

ನಾನು ಮೆಟ್ಟಿಲು ಇಳಿದು, ಗೇಟಿನ ಬದಿಗೆ ತಾಡಪತ್ರಿ ಹೊದ್ದು ಮಲಗಿದ್ದ ನನ್ನ ಹಳೇ ಸ್ಕೂಟರನ್ನು ಹೊರಗೆಳೆದೆ. ಅದನ್ನು ಗುಜರಿಗೆ ಹಾಕು ಎಂದು ನಮ್ಮ ಮನೆಯವರು ವರ್ಷಗಳಿಂದ ಹೇಳುತ್ತಿದ್ದಾರೆ. ಸೀರೆ ಎತ್ತಿ ಕಟ್ಟಿ ಕಿಕ್ ಹೊಡೆದೆ. ಕೆಮ್ಮಿತು. ಮತ್ತೆ ಹೊಡೆದೆ. ಕನ್ನಡದಲ್ಲಿ ರಮಿಸಿದೆ. ಕೇಳಲಿಲ್ಲ. ನನಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ ಒಂದು ಮಾತು ಅಂದೆ. ಎದ್ದಿತು ನೋಡಿ! ನೀಲಿ ಹೊಗೆ, ಫಟ್ ಫಟ್ ಫಟ್ ಎಂದು ಓಣಿಯೆಲ್ಲ ನಡುಗುವ ಸದ್ದು.

ಮನೆಯವರು ಪೇಪರು ಬಿಸಾಕಿ ಬಾಗಿಲಿಗೆ ಬಂದರು. "ಏ, ಎಲ್ಲಿಗೆ ಹೊಂಟಿ? ಗಾಡಿ ಬಂದು ನಿಂತೈತಲ್ಲ!"

"ಎಲ್ಲೂ ಇಲ್ರಿ! ಬಿಸಿ ಮಾಡಾಕತ್ತೇನಿ!"

"ಎದಕ್ಕ?"

"ಥಂಡಿ ಐತಿ!" ಎಂದೆ. ಅವರ ಹಿಂದೆ ಬೆರಗಾಗಿ ನಿಂತ ಸನ್ಮತಿಗೆ ಕೂಗಿ ಹೇಳಿದೆ: "ನಿಮ್ಮ ಅಪ್ಪಾಗ ಚಾ ಒಯ್ದು ಕೊಟ್ಟ ಬಾರವ್ವಾ! ಬಶಿ ಮರೀಬ್ಯಾಡ!"

ಆಕೆ ಒಯ್ದು ಕೊಟ್ಟು ಬಂದಳು. ಕಾರಿನ ಗಾಜು ಮೆಲ್ಲಗೆ ಏರಿತು. ಕಾಕು ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಸ್ಕೂಟರಿನ ಕಡೆ. ಆಮೇಲೆ ಕಾಕಾನ ಕಿವಿಗೆ ಎರಡೂ ಕೈಯ ಬೊಗಸೆ ಕಟ್ಟಿ ಅದರೊಳಗೆ ಏನೋ ಹೇಳಿದಳು. ಬಹಳ ಜೋರಾಗಿಯೇ ಹೇಳಿರಬೇಕು, ಕತ್ತಿನ ನರ ಉಬ್ಬಿತ್ತು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಕಾಕಾ ತಲೆ ಹಿಂದಕ್ಕೆ ಹಾಕಿ ನಕ್ಕ, ಬಶಿಯ ಚಹಾ ತುಳುಕಿತು. ಮಸುಕಾಗತೊಡಗಿದ ಗಾಜಿನ ಆಚೆ, ಸುಕ್ಕುಗಳ ನಡುವೆ ದಾರಿ ಮಾಡಿಕೊಂಡು, ಕಾಕುವಿನ ಎಡಗೆನ್ನೆಯಲ್ಲಿ ಆ ಕುಳಿ ಬಿತ್ತು.

ಮಾಳಿಗೆಯ ಮೇಲಿನ ನೆರೆಮನೆಯಾಕೆ ಹೊಗೆಯನ್ನು ಸೀರೆಯಿಂದ ಬೀಸಿ ಓಡಿಸುತ್ತಾ ನನಗೆ ಏನೋ ಕೂಗಿ ಕೇಳುತ್ತಿದ್ದಳು. ಇನ್ನೂ ಎಷ್ಟೊತ್ತು ಎಂದು ಕೇಳಿರಬೇಕು.

"ಕೇಳಸವಲ್ದ್ರೀ!" ಎಂದು ಕೂಗಿ, ಆಕ್ಸಲರೇಟರನ್ನು ಇನ್ನೊಂಚೂರು ತಿರುವಿದೆ.